ನಾಲ್ಕು ಮೂಲೆಯ ಅರಿಶಿನ

ಪ್ಯಾರಿಸ್
೨ ಜುಲೈ ೧೯೬೬

ಚಿ. ಸೌ. ವರದಾಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ. ನೀನು, ಅಳಿಯ ದುಗ್ಗಪ್ಪನವರು, ನಿನ್ನ ಅತ್ತೆ ಯಮುನಮ್ಮನವರು ಕ್ಷೇಮವೆಂದು ತಿಳಿದಿದ್ದೇನೆ. ಅಳಿಯಂದಿರು ಇನ್ನೂ ಆಗುಂಬೆ ಬಸ್ಸಿನಲ್ಲೇ ಟಿಕೆಟ್ ಹರಿಯುತ್ತಿದ್ದಾರೋ, ಶಿವಮೊಗ್ಗದ ಲೈನಿಗೆ ಹಾಕಿದರೋ ಬರಿ.

ನಾನು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಐದನೇ ಮಹಡಿಯ ಮನೆ. ನೆಲಕ್ಕೆ ಕಾಲು ತಾಗಬೇಕಾದರೆ ತೊಂಬತ್ತಾರು ಮೆಟ್ಟಿಲು ಇಳಿಯಬೇಕು, ನಾನೇ ಎಣಿಸಿದ್ದೇನೆ. ಗೌರಮ್ಮ ಚೆನ್ನಾಗಿದ್ದಾಳೆ. ಸಾಗರದಲ್ಲಿ ನಾನು ಕೆಲಸಕ್ಕಿದ್ದ ಅವಳ ಅಪ್ಪ ಡಾಕ್ಟರ ಮನೆಯ ಜಗಲಿಯಲ್ಲಿ ಮರಳು ಹರಡಿ ನನಗೆ ಅ ಆ ಇ ಈ ತಿದ್ದಿಸಿದ ಏಳು ವರ್ಷದ ಮೇಷ್ಟ್ರು ಈಗ ನವೆಂಬರಿಗೆ ಎರಡನೆಯದನ್ನು ಹೆರುತ್ತಾಳೆಂದರೆ ನನಗೇ ನಂಬಿಕೆ ಬರುವುದಿಲ್ಲ. ಅವಳ ತಾಯಿಗೆ ಕಾಲು ಬರುವುದಿಲ್ಲವೆಂದು ತಾನೇ ನನ್ನನ್ನು ಕಳಿಸಿದ್ದು. ಬಾಣಂತನ ಪೂರ್ತಿ ಮುಗಿಸಿ ಏಪ್ರಿಲ್‌ನಲ್ಲಿ ವಾಪಸು ಬರುತ್ತೇನೆ ಎಂದು ಆ ತಾಯಿಗೆ ಮಾತು ಕೊಟ್ಟಿದ್ದೇನೆ. ಅಲ್ಲಿಯವರೆಗೆ ನೀನು ಧೈರ್ಯವಾಗಿರು.

ಇಲ್ಲಿ ಎಲ್ಲ ಇದೆ, ಒಂದು ಬಿಟ್ಟು. ತಂದಿದ್ದ ಅರಿಶಿನ ಮುಗಿಯಿತು. ಸಾರು ನೋಡಿದರೆ ಆಸ್ಪತ್ರೆಯಿಂದ ಎದ್ದು ಬಂದವರ ಮುಖದ ಹಾಗಿದೆ. ಪೊಟ್ಟಣ ಕಟ್ಟಿ ಕಳಿಸಿದರೆ ಸುಂಕದವರ ಪಾಲು. ನನ್ನ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಂದರಿನಲ್ಲಿ ಮೂಸಿ ನೋಡಿ ಮುಖ ಕಿವುಚಿ ತೆಗೆದಿಟ್ಟುಕೊಂಡ ಪುಣ್ಯಾತ್ಮರು ಅವರು. ಏನಾದರೂ ಉಪಾಯ ಮಾಡಿ ಒಂದು ಚೂರು ಅರಿಶಿನ ಕಳಿಸು.

ಆಗಸ್ಟ್ ತಿಂಗಳಲ್ಲಿ ಈ ಊರವರೆಲ್ಲ ಅಂಗಡಿಗೆ ಬೀಗ ಹಾಕಿ ಸಮುದ್ರದ ಕಡೆ ಹೋಗುತ್ತಾರಂತೆ. ದೇವರಿಗಲ್ಲ, ಮದುವೆಗಲ್ಲ, ತಿಥಿಗೂ ಅಲ್ಲ. ಸುಮ್ಮನೆ ಹೋಗಿ ಇದ್ದು ಬರುವುದಂತೆ. ನಾವೂ ಹೋಗುತ್ತೇವೆ. ಅಲ್ಲಿನ ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಇಂತಿ ಆಶೀರ್ವಾದಗಳು,
ನಿನ್ನ ಅವ್ವ ಕೆರಿಯಮ್ಮ

*

[ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದೆ]

ಮೇಗರವಳ್ಳಿ
೯ ಜುಲೈ ೧೯೬೬

ಅವ್ವನಿಗೆ ವರದೆಯ ನಮಸ್ಕಾರಗಳು.

ಜೂನ್ ತಿಂಗಳ ನಿನ್ನ ಕಾಗದ ತಲುಪಿತು. ಆಮೇಲೆ ಬರೆದದ್ದು ಇದ್ದರೆ ಇನ್ನೂ ಬಂದಿಲ್ಲ. ಇವರು ಆಗುಂಬೆ ಲೈನಿನಲ್ಲೇ ಇದ್ದಾರೆ. ಮೊನ್ನೆ ಮರ ಬಿದ್ದು ಬಸ್ಸು ಘಾಟಿಯಲ್ಲೇ ನಿಂತು, ಮಾರನೆಯ ದಿನ ಮನೆಗೆ ಬಂದರು. ಅತ್ತೆ ನನ್ನನ್ನು ಬಾವಿಯ ಕಡೆ ಹೋಗಲು ಬಿಡುತ್ತಿಲ್ಲ, ನೀರೆಲ್ಲ ಅವರೇ ಸೇದುತ್ತಾರೆ.

ಎಲ್ಲವನ್ನೂ ಬರೆಯಲಾಗುವುದಿಲ್ಲ. ವಿದೇಶದ ಕಾಗದವೆಂದರೆ ಇಲ್ಲಿ ಊರಿಡೀ ಕೈಯಿಂದ ಕೈಗೆ ದಾಟುತ್ತದೆ. ಬರೆಯಬಾರದ್ದನ್ನು ಹೇಗೆ ಹೇಳಬೇಕೆಂದು ನೀನೇ ಕಲಿಸಿದ್ದೀಯಲ್ಲ, ಹಾಗೆಯೇ ಹೇಳಿದ್ದೇನೆ. ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ. ನಿನ್ನ ಉತ್ತರ ಬಂದ ಮೇಲೆಯೇ ನನಗೆ ಸಮಾಧಾನ. ಬೇಗ ಬರಿ.

ಇಂತಿ ನಿನ್ನ ಮಗಳು,
ವರದಾ

*

ಸಾಂ ಮಾಲೊ ಹತ್ತಿರ, ರಾನ್ಸ್ ಹೊಳೆಯ ದಂಡೆ
೫ ಆಗಸ್ಟ್ ೧೯೬೬

ಚಿ. ಸೌ. ವರದಾಳಿಗೆ ಅವ್ವನ ಆಶೀರ್ವಾದಗಳು.

ನಿನ್ನಂಥ ಜಾಣೆ ಮಗಳನ್ನು ಹೆತ್ತದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪೊಟ್ಟಣ ಕಟ್ಟಿದರೆ ಹಿಡಿಯುತ್ತಾರೆಂದು ಕಾಗದಕ್ಕೇ ಅರಿಶಿನ ಸವರಿ ಕಳಿಸಿದ್ದೀಯಲ್ಲ! ‘ಬರೆಯಬಾರದ್ದು’ ಎಂದು ಒಗಟು ಬೇರೆ. ಸುಂಕದವರ ಕಣ್ಣಿಗೆ ಮಣ್ಣೆರಚಿದೆ, ಭೇಷ್. ಇಷ್ಟು ಬೇಗ ಹೇಗೆ ತಲುಪಿತೋ. ಒಣಗಿದ್ದನ್ನು ಉಗುರಿನಲ್ಲಿ ಕೆರೆದು, ಕಾಗದವನ್ನು ಪಾತ್ರೆಯ ಮೇಲೆ ತಟ್ಟಿ, ಅಷ್ಟನ್ನೂ ಸಾರಿಗೆ ಹಾಕಿದೆ. ಒಂದು ಚಿಟಿಕೆಯೂ ಆಗಲಿಲ್ಲ. ಆದರೂ ಆ ದಿನ ಸಾರು ಸಾರಿನ ಹಾಗೆ ಕಂಡಿತು. ನಾನೇ ಮೂರು ಸಲ ಬಡಿಸಿಕೊಂಡೆ.

ಈ ಊರಿನ ಕಥೆ ಕೇಳು. ಹೊಳೆ ಸಮುದ್ರ ಸೇರುವ ಜಾಗ. ಬೆಳಗ್ಗೆ ಕಿಟಕಿ ತೆಗೆದರೆ ಹೊಳೆಯೇ ಇಲ್ಲ. ಕೆಸರಿನಲ್ಲಿ ದೋಣಿಗಳೆಲ್ಲ ಮಗ್ಗುಲಾಗಿ ಬಿದ್ದುಕೊಂಡಿವೆ. ಮಧ್ಯಾಹ್ನ ನೋಡಿದರೆ ಹೊಳೆ ಹಿಂದಕ್ಕೆ ಹರಿದು ಬಂದು ಮೆಟ್ಟಿಲ ಬುಡದಲ್ಲಿ ನಿಂತಿದೆ. ದಿನಕ್ಕೆ ಎರಡು ಸಲ ಹೀಗೆ. ನನಗೇನು ಗೊತ್ತು? ಮೊದಲ ದಿನ ನಮ್ಮೂರ ಹೊಳೆಯ ಹಾಗೇ ಬಂಡೆಯ ಮೇಲೆ ಬಟ್ಟೆ ಒಗೆದು ಹರಡಿ ಒಳಗೆ ಹೋದೆ. ಬಂದು ನೋಡುವಾಗ ಗೌರಮ್ಮನ ಯಜಮಾನರು ನಾರಾಯಣಮೂರ್ತಿ ರಾಯರ ಪಂಚೆ ಸಮುದ್ರದ ಕಡೆಗೆ ಹೊರಟುಹೋಗಿತ್ತು. ಮನೆಯೊಡತಿ ಲೂಸಿ ಎಂಬವಳು ದೋಣಿಗೆ ಹಾರಿ, ಹುಟ್ಟು ಹಾಕಿಕೊಂಡು ಹೋಗಿ, ಅದನ್ನು ಕೊಕ್ಕೆಯಲ್ಲಿ ಎತ್ತಿ ಬಾವುಟದ ಹಾಗೆ ಹಿಡಿದು ತಂದಳು. ದಂಡೆಯಲ್ಲಿ ನಿಂತ ರಾಯರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ನಾನೂ ಲೂಸಿಯೂ ಗೆಳತಿಯರು.

ಅವಳಿಗೆ ಅರವತ್ತರ ಹತ್ತಿರ. ಯಾವಾಗಲೂ ಕಪ್ಪು ಬಟ್ಟೆ. ಗಂಡ ಮೀನು ಹಿಡಿಯಲು ಹೋದವನು ಸಮುದ್ರದಲ್ಲೇ ಉಳಿದನಂತೆ. ಅರ್ಧ ಮನೆಯನ್ನು ರಜಕ್ಕೆ ಬರುವವರಿಗೆ ಕೊಡುತ್ತಾಳೆ. ನೀರು ಇಳಿದಾಗ ನಾವಿಬ್ಬರೂ ಸೀರೆ, ಲಂಗ ಎತ್ತಿ ಕಟ್ಟಿ, ಕೆಸರು ಕೆದಕಿ ಏಡಿ, ಚಿಪ್ಪು ಆರಿಸುತ್ತೇವೆ. ಗೌರಮ್ಮನ ಒಲೆಯ ಮೇಲೆ ಅದನ್ನೆಲ್ಲ ಇಡುವ ಹಾಗಿಲ್ಲವಲ್ಲ, ಲೂಸಿಯ ಅಂಗಳದಲ್ಲೇ ಬೇಯಿಸಿ ತಿಂದು ಬಾಯಿ ತೊಳೆದು ಬರುತ್ತೇನೆ. ಅವಳು ಕಪ್ಪು ಹಿಟ್ಟಿನ ದೋಸೆ ಹೊಯ್ಯುತ್ತಾಳೆ, ತೆಳ್ಳಗೆ, ಕಾವಲಿಯ ತುಂಬ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ಇಡೀ ದಿನ ಮಾತಾಡುತ್ತೇವೆ.

ವರದಾ, ನಿಜ ಹೇಳುತ್ತೇನೆ. ಹದಿನಾಲ್ಕಕ್ಕೆ ಮದುವೆಯಾದ ಮೇಲೆ ಕೈ ಕಟ್ಟಿ ಕೂತು ನೀರು ನೋಡಿದ್ದು ಇದೇ ಮೊದಲು. ನೀನು ಪಕ್ಕದಲ್ಲಿ ಇರಬೇಕಿತ್ತು.

ಇಂತಿ ಆಶೀರ್ವಾದಗಳು,
ಅವ್ವ

*

[ಅಂಚೆಗೆ ಹಾಕದೆ ಟ್ರಂಕಿನಲ್ಲಿ ಉಳಿದ ಕಾಗದ]

ಮೇಗರವಳ್ಳಿ
೧೮ ಆಗಸ್ಟ್ ೧೯೬೬

ಅವ್ವ,

ನಾನು ನಿನಗೆ ಅರಿಶಿನ ಕಳಿಸಲಿಲ್ಲ. ನಿನಗೆ ಮೊಮ್ಮಗು ಬರುತ್ತದೆ ಎಂದು ಹೇಳಿ ಕಳಿಸಿದೆ. ಅದನ್ನು ನೀನು ಸಾರಿಗೆ ಹಾಕಿಕೊಂಡೆ.

ಶುಭದ ಕಾಗದಕ್ಕೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಬೇಕು ಎಂದು ಕಲಿಸಿದವಳು ಯಾರು? ನನ್ನ ಮದುವೆಯ ಕರೆಯೋಲೆಗೆ ನಾವಿಬ್ಬರೂ ಕೂತು ಹಚ್ಚಿದ್ದು ಮರೆತೆಯಾ? ಐದು ತಿಂಗಳು ತುಂಬುವ ತನಕ ಬಾಯಿ ಬಿಟ್ಟು ಹೇಳಬಾರದು, ಕಣ್ಣಾಗುತ್ತದೆ ಎಂದವಳೂ ನೀನೇ. ಅದಕ್ಕೇ ಬರೆಯದೆ ಹಚ್ಚಿದೆ. ಒಂದು ತಿಂಗಳಿಂದ ದಿನಾ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಇವರು ದೂರದಿಂದಲೇ ಕಾಗದ ಎತ್ತಿ ತೋರಿಸಿದಾಗ ಓಡಿಹೋಗಿ ಇಸಿದುಕೊಂಡೆ. ಅದರಲ್ಲಿ ರಾಯರ ಪಂಚೆ, ಏಡಿ, ದೋಸೆ.

ಚೊಚ್ಚಲಿಗೆ ತವರಿಗೆ ಹೋಗಬೇಕು. ಎಲ್ಲಿಗೆ ಹೋಗಲಿ? ಹೊಸನಗರದ ಕಡೆಯ ನಮ್ಮ ಮನೆ ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ಅಪ್ಪನಿಲ್ಲ. ಸಾಗರದ ನಿನ್ನ ಬಾಡಿಗೆ ಕೋಣೆಗೆ ಬೀಗ. ನೀನಿದ್ದ ಕಡೆಯೇ ನನ್ನ ತವರು ಎಂದುಕೊಂಡಿದ್ದೆ. ನೀನು ಗೌರಮ್ಮನ ಬಾಣಂತನಕ್ಕೆ ಹೋದೆ. ನನ್ನದನ್ನು ಯಾರು ಮಾಡುತ್ತಾರೆ?

*

ಮೇಗರವಳ್ಳಿ
೧೮ ಆಗಸ್ಟ್ ೧೯೬೬

ಅವ್ವನಿಗೆ ನಮಸ್ಕಾರಗಳು.

ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ನೀನು ಸಂತೋಷವಾಗಿರುವುದು ತಿಳಿದು ಸಂತೋಷ. ಅರಿಶಿನ ಇನ್ನು ಕಳಿಸಲಾಗುವುದಿಲ್ಲ.

ಇಂತಿ,
ವರದಾ

*

ರಾನ್ಸ್ ಹೊಳೆಯ ದಂಡೆ
೨೯ ಆಗಸ್ಟ್ ೧೯೬೬

ವರದಾ, ನನ್ನ ಕಂದಾ,

ಆಶೀರ್ವಾದ ಬರೆಯಲು ಮುಖವಿಲ್ಲ. ಕಣ್ಣಿದ್ದೂ ಕುರುಡಿಯಾದ ಅವ್ವ ನಾನು.

ನಿನ್ನ ಮೂರು ಸಾಲಿನ ಕಾಗದ ನಿನ್ನೆ ಬಂತು. ನೀನು ಮೂರು ಸಾಲು ಬರೆಯುವವಳಲ್ಲ. ಸಿಟ್ಟು ಬಂದಿದೆ ಎಂದು ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಅರಿಶಿನ ಕೇಳಿದ್ದಕ್ಕೆ ಅತ್ತೆಯ ಮನೆಯಲ್ಲಿ ಏನಾದರೂ ಅಂದರೋ ಎಂದು ರಾತ್ರಿ ಯೋಚಿಸಿದೆ. ಇವತ್ತು ಮುಖ ಇಳಿಬಿಟ್ಟುಕೊಂಡು ಕೂತಿದ್ದೆ. ಲೂಸಿ ನಿನ್ನ ಕಾಗದ ತೋರಿಸಿ ಏನೆಂದು ಸನ್ನೆಯಲ್ಲಿ ಕೇಳಿದಳು. ನಾನು ಕೈ ಆಡಿಸಿದೆ, ಗೊತ್ತಿಲ್ಲ ಎಂದು. ಅವಳು ಒಳಗೆ ಹೋಗಿ ತನ್ನದೊಂದು ಹಳೆಯ ಕಾಗದ ತಂದು ತೊಡೆಯ ಮೇಲಿಟ್ಟಳು. ಅದರ ಸುತ್ತ ನಾಲ್ಕೂ ಕಡೆ ಕಪ್ಪು ಅಂಚು.

ಗೌರಮ್ಮ ಅವಳ ಮಾತನ್ನು ಕನ್ನಡದಲ್ಲಿ ಹೇಳಿದಳು. ಈ ದೇಶದಲ್ಲಿ ಸಾವಿನ ಸುದ್ದಿಯನ್ನು ಇಂಥ ಕಾಗದದಲ್ಲಿ ಬರೆಯುತ್ತಾರಂತೆ. ಗಂಡ ಮುಳುಗಿದ ಸುದ್ದಿಯನ್ನು ಮೈದುನ ಬರೆದು ಕಳಿಸಿದ್ದ. ಅಂಚು ನೋಡಿದ ಮೇಲೆ ಲೂಸಿ ಮೂರು ದಿನ ಅದನ್ನು ಒಡೆಯಲೇ ಇಲ್ಲವಂತೆ. ಒಡೆಯುವ ತನಕ ಗಂಡ ಇದ್ದಾನೆ ಎಂದುಕೊಂಡು ಅವನ ತಟ್ಟೆಯನ್ನೂ ಹಾಕುತ್ತಿದ್ದಳಂತೆ. ಪಾಪ.

ನನಗೆ ಕೆಡುಕೆನಿಸಿತು. ಸಮಾಧಾನಕ್ಕೆಂದು ಗೌರಮ್ಮನಿಗೆ ಹೇಳಿದೆ: “ಅವ್ಳಿಗೆ ಹೇಳ್ರಮ್ಮ, ನಮ್ಮಲ್ಲೂ ಹಿಂಗೇ ಒಂದು ಐತೆ. ಆದ್ರೆ ನಮ್ದು ಒಳ್ಳೇ ಸುದ್ದಿಗೆ. ಕಾಗ್ದದ ನಾಕೂ ಮೂಲೆಗೆ ಅರಿಶಿನ ಹಚ್ತೀವಿ...”

ಅಲ್ಲಿಗೆ ನನ್ನ ಬಾಯಿ ನಿಂತಿತು. ಗೌರಮ್ಮ ಕೇಳಿದಳು: “ಎಂತ ಆಯ್ತು ಕೆರಿಯಮ್ಮ? ಯಾಕೆ ಹಂಗೆ ನೋಡ್ತೀ?”

ಎದ್ದು ಓಡಿದೆ. ದೇವರ ಪಟದ ಹಿಂದೆ ಇಟ್ಟಿದ್ದ ನಿನ್ನ ಜುಲೈ ಕಾಗದ ತೆಗೆದೆ. ನಾನು ಎಷ್ಟು ಕೆರೆದಿದ್ದರೂ ಹಳದಿಯ ಗುರುತು ಉಳಿದಿದೆ. ಒಂದು, ಎರಡು, ಮೂರು, ನಾಲ್ಕು ಮೂಲೆ. ಅಡುಗೆಗೆ ಕಳಿಸುವವಳು ಮೂಲೆ ನೋಡಿ ಯಾಕೆ ಹಚ್ಚುತ್ತಾಳೆ? ತಾರೀಖು ನೋಡಿದೆ. ನಾನು ಅರಿಶಿನ ಕೇಳಿದ ಕಾಗದ ನಿನಗೆ ಮುಟ್ಟುವ ಮೊದಲೇ ನೀನು ಬರೆದಿದ್ದೀಯ. ಅತ್ತೆ ನೀರು ಸೇದಲು ಬಿಡುವುದಿಲ್ಲ ಎಂದೂ ಬರೆದಿದ್ದೀಯ. ಅದನ್ನು ಓದಿ ನಾನು, ಎಂಥ ಒಳ್ಳೆಯ ಅತ್ತೆ ಎಂದುಕೊಂಡು ಮುಂದೆ ಹೋದೆ. ಇಡೀ ಊರಿನ ಬಾಣಂತನ ಮಾಡಿದ ಹೆಂಗಸಿಗೆ ತನ್ನ ಮಗಳ ಬಸಿರು ತಿಳಿಯಲಿಲ್ಲ. ದೀಪದ ಬುಡವೇ ಕತ್ತಲೆ.

ನಾನು ಅತ್ತದ್ದು ನೋಡಿ ಲೂಸಿಯೂ ಅತ್ತಳು. ಯಾಕೆಂದು ಅವಳಿಗೆ ಆಮೇಲೆ ತಿಳಿಯಿತು.

ಎಷ್ಟು ತಿಂಗಳು? ವಾಂತಿ ಇದೆಯಾ? ಬಸ್ಸು ಹತ್ತಬೇಡ. ಅನಾನಸು ಮುಟ್ಟಬೇಡ. ಗೌರಮ್ಮನ ಮುಂದೆ ಬಾಯಿ ತೆರೆಯಲು ನನಗೆ ಧೈರ್ಯವಿಲ್ಲ. ಅವಳ ಹೊಟ್ಟೆ ನನ್ನ ಕಣ್ಣೆದುರಿಗಿದೆ, ಮಾತು ಕೊಟ್ಟದ್ದು ತಲೆಯ ಮೇಲಿದೆ. ನೀನು ಅಷ್ಟು ದೂರದಲ್ಲಿದ್ದೀಯ. ನನಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನೀನು ಏನು ಹೇಳಿದರೂ ಕೇಳುತ್ತೇನೆ.

ಇಂತಿ ನಿನ್ನ ಪೆದ್ದು ಅವ್ವ

*

ಮೇಗರವಳ್ಳಿ
೧೨ ಸೆಪ್ಟೆಂಬರ್ ೧೯೬೬

ಅವ್ವನಿಗೆ ವರದೆಯ ನಮಸ್ಕಾರಗಳು.

ನಾಲ್ಕು ತುಂಬಿತು. ವಾಂತಿ ನಿಂತಿದೆ. ಫೆಬ್ರವರಿಗೆ ಎಂದು ತೀರ್ಥಹಳ್ಳಿಯ ಡಾಕ್ಟರಮ್ಮ ಹೇಳಿದರು.

ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಸಾರಿನ ವಿಷಯಕ್ಕೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನನಗೆ ನಗು ಬರಲಿಲ್ಲ. ಆಮೇಲೆ ಅವರು ಅಂದರು: “ನಿನ್ನವ್ವ ಬರ್ದೇ ಹೋದ್ರೂ ನಾನಿಲ್ವನೇ? ಇಲ್ಲೇ ಆಗ್ಲಿ ಬಿಡು. ತವರಿನೋರು ಮಾಡ್ಬೇಕು ಅನ್ನೋದು ಯಾವ ಶಾಸನ್ದಲ್ಲೂ ಬರ್ದಿಲ್ಲ.” ಅವರು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಅವರ ಮುಂದೆ ನಾನು ಅಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಬೇಕು. ಕೊಟ್ಟ ಮಾತು ಮುರಿದು ಬಾ ಎಂದು ನಾನು ಬರೆಯುವುದಿಲ್ಲ. ಬರಬೇಡ ಎಂದೂ ಬರೆಯುವುದಿಲ್ಲ. ಮೊದಲ ಸಲ ಮಗು ಒದ್ದಾಗ ಯಾರಿಗೆ ಹೇಳಬೇಕೋ ತಿಳಿಯದೆ ನಿನ್ನ ಹಳೆಯ ಸೀರೆಗೆ ಹೇಳಿದೆ. ಅಷ್ಟೇ.

ಗೌರಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸ್ವಲ್ಪ ಇತ್ತು.

ಇಂತಿ ನಿನ್ನ,
ವರದಾ

*

ಪ್ಯಾರಿಸ್
೫ ಅಕ್ಟೋಬರ್ ೧೯೬೬

ಪ್ರೀತಿಯ ವರದೆಗೆ ಗೌರಮ್ಮ ಮಾಡುವ ಆಶೀರ್ವಾದ.

ನಿನ್ನ ಅವ್ವ ಕಾಗದವನ್ನು ದೇವರ ಪಟದ ಹಿಂದೆ ಇಡುತ್ತಾಳೆ. ನಾನು ಅದನ್ನು ತೆಗೆದು ಓದಿದೆ. ತಪ್ಪು, ಕ್ಷಮಿಸು. ಒಂದು ತಿಂಗಳಿಂದ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಕೇಳಿದರೆ “ಎಂತದೂ ಇಲ್ಲ ಅಮ್ಮ” ಎಂದು ಬೆನ್ನು ತಿರುಗಿಸುತ್ತಿದ್ದಳು. ಆ ದಿನ ಹೊಳೆಯ ದಂಡೆಯಲ್ಲಿ ನಿನ್ನ ಸುದ್ದಿ ತಿಳಿದಾಗ ನಾನೇ ಮಾತಾಡಬೇಕಿತ್ತು. ಆಡಲಿಲ್ಲ. ಅವಳು ಹೋದರೆ ನನ್ನ ಗತಿಯೇನು ಎಂಬ ಹೆದರಿಕೆಯಲ್ಲಿ ಸುಮ್ಮನಿದ್ದೆ. ನಿನ್ನ ಸಿಟ್ಟು ಸರಿಯಾಗಿಯೇ ಇತ್ತು.

ಆಗ ನೆನಪಾಯಿತು. ನಾನು ಸಾಗರದಲ್ಲಿ ಟೈಫಾಯ್ಡ್ ಬಂದು ಮಲಗಿದಾಗ ನಿನಗೆ ಎರಡು ವರ್ಷ. ನಿನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ನಿನ್ನ ಅವ್ವ ಇಪ್ಪತ್ತು ದಿನ ನನ್ನ ಮಂಚದ ಹತ್ತಿರ ಕೂತಿದ್ದಳು. ನಿನ್ನ ಅವ್ವನನ್ನು ನಾನು ಆಗಲೇ ಒಮ್ಮೆ ತೆಗೆದುಕೊಂಡಿದ್ದೇನೆ. ಎರಡನೇ ಸಲ ಬೇಡ.

ನನ್ನದು ನವೆಂಬರ್ ಮೊದಲ ವಾರ. ನಲವತ್ತು ದಿನ ಅವಳು ಇರುತ್ತಾಳೆ. ಡಿಸೆಂಬರ್ ಹದಿನೆಂಟಕ್ಕೆ ಮಾರ್ಸೇ ಬಂದರಿನಿಂದ ಮುಂಬಯಿಯ ಹಡಗಿದೆ, ನಮ್ಮ ಪರಿಚಯದ ಕುಟುಂಬವೂ ಅದರಲ್ಲೇ ಹೊರಟಿದೆ. ನನ್ನ ಅಮ್ಮನಿಗೆ ನಾನೇ ಬರೆದಿದ್ದೇನೆ. ಮಾತು ಮುರಿದದ್ದು ನಾನು, ಕೆರಿಯಮ್ಮ ಅಲ್ಲ.

ಆಮೇಲೆ ನನಗೆ ಯಾರು ಎಂದು ಯೋಚಿಸಬೇಡ. ಲೂಸಿಗೆ ವಿಷಯ ಬರೆದೆ. ಅವಳು ಒಂದು ಪೆಟ್ಟಿಗೆ ಹಿಡಿದು ಬಂದೇಬಿಟ್ಟಳು. ನಮ್ಮ ಅಡುಗೆಮನೆಗೆ ಮೀನು ತರುವುದಿಲ್ಲ ಎಂದು ಎದೆ ಮುಟ್ಟಿ ಹೇಳಿದ್ದಾಳೆ. ಈಗ ನಿನ್ನ ಅವ್ವ ತಲೆದಿಂಬನ್ನು ಕಾಲ ಮೇಲೆ ಮಲಗಿಸಿಕೊಂಡು ಮಗುವಿಗೆ ಎಣ್ಣೆ ನೀರು ಹಾಕುವುದನ್ನು ಕಲಿಸುತ್ತಿದ್ದಾಳೆ. ಮೆಣಸಿನ ಸಾರಿನ ಪಾಠ ನಿನ್ನೆ ಆಯಿತು. ಲೂಸಿ ಒಂದು ಗುಟುಕು ಕುಡಿದು ಕಿಟಕಿ ತೆಗೆದು ನಿಂತಳು.

ನಿನ್ನ ಗೌರಮ್ಮ

*

ಮಾರ್ಸೇ ಬಂದರು
೧೭ ಡಿಸೆಂಬರ್ ೧೯೬೬

ಚಿ. ಸೌ. ವರದಾಳಿಗೆ ಆಶೀರ್ವಾದಗಳು.

ಗೌರಮ್ಮ ಹೆಣ್ಣು ಹೆತ್ತ ಸುದ್ದಿ ಬರೆದಿದ್ದೆನಲ್ಲ, ಇಬ್ಬರೂ ಚೆನ್ನಾಗಿದ್ದಾರೆ. ನಾಳೆ ನನ್ನ ಹಡಗು. ಈ ಕಾಗದ ವಿಮಾನದಲ್ಲಿ ಬಂದು ನನಗಿಂತ ಮೊದಲು ಮುಟ್ಟುತ್ತದೆ. ಮುಂಬಯಿಯಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಸಾಗರದ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಬೀಗ ತೆಗೆದು, ಸುಣ್ಣ ಹೊಡೆಸಿ, ನಿನ್ನನ್ನು ಕರೆದುಕೊಂಡು ಹೋಗಲು ಮೇಗರವಳ್ಳಿಗೆ ಬರುತ್ತೇನೆ. ಸೀಮಂತವನ್ನು ಒಂಬತ್ತಕ್ಕೆ ಇಟ್ಟುಕೊಳ್ಳೋಣ ಎಂದು ಯಮುನಮ್ಮನವರಿಗೆ ಕೈ ಮುಗಿದು ಕೇಳಿದ್ದೇನೆಂದು ಹೇಳು. ಹಸಿರು ಸೀರೆ ನಾನೇ ಉಡಿಸಬೇಕು.

ಅವ್ವ

*

[ಕಾಗದದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದೆ]

ಸಾಗರ
೧೯ ಫೆಬ್ರವರಿ ೧೯೬೭

ಗೌರಮ್ಮನವರಿಗೆ ಕೆರಿಯಮ್ಮನ ನಮಸ್ಕಾರಗಳು. ಮಕ್ಕಳಿಗೆ ಆಶೀರ್ವಾದಗಳು.

ಮೂಲೆ ನೋಡಿದಿರಲ್ಲ, ಇನ್ನು ಹೇಳುವುದೇನಿದೆ. ಈ ಕಾಗದವನ್ನು ಲೂಸಿಯ ಕೈಗೆ ಕೊಡುವ ಮೊದಲು ಹೇಳಿ, ಇದನ್ನು ಪಾತ್ರೆಯ ಮೇಲೆ ತಟ್ಟಬಾರದು. ನಾನು ಕೊಟ್ಟು ಬಂದ ವಿದ್ಯೆಯಲ್ಲಿ ಇದೊಂದು ಉಳಿದಿತ್ತು.

ಹನ್ನೊಂದನೇ ತಾರೀಖು ಶನಿವಾರ ಮಧ್ಯಾಹ್ನ ಹೆಣ್ಣು. ತಲೆ ತುಂಬ ಕೂದಲು, ಮೂಗು ದುಗ್ಗಪ್ಪನವರದು. ಅದೊಂದು ಸ್ವಲ್ಪ ಹೆಚ್ಚಾಯಿತು ಎಂದು ಯಮುನಮ್ಮನವರೇ ಅಂದರು. ಮಗನ ಮೂಗಿಗೆ ಹಾಗೆ ಹೇಳುವ ಬೀಗಿತ್ತಿ ಸಿಕ್ಕಿದ್ದು ನನ್ನ ಪುಣ್ಯ.

ಒಂದು ಮಾತು ನಿಮಗೆ ಹೇಳಬೇಕು. ನಾನು ಬಂದ ದಿನ ವರದೆ ಅಳಲಿಲ್ಲ, ನಗಲಿಲ್ಲ. ಕಾಲಿಗೆ ಬಿದ್ದಳು, ಕಾಫಿ ಕೊಟ್ಟಳು. ಸೀಮಂತವಾ‍ಯಿತು, ಸಾಗರಕ್ಕೆ ಕರೆತಂದೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಆ ಕಾಗದದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ದಿನ ಅವಳ ಟ್ರಂಕಿನಲ್ಲಿ ಹತ್ತಿಬಟ್ಟೆ ಹುಡುಕುವಾಗ ಅಂಚೆಗೆ ಹಾಕದ ಕಾಗದವೊಂದು ಸಿಕ್ಕಿತು. ಓದಿ, ಇದ್ದ ಹಾಗೇ ಮಡಿಸಿಟ್ಟೆ. ಗೌರಮ್ಮ, ಅದರಲ್ಲಿ ಇದ್ದದ್ದನ್ನು ನಿಮಗೂ ಬರೆಯಲಾರೆ. ನಾನು ಬಂದದ್ದು ತಡವಾಯಿತು, ಇನ್ನು ಇವಳಿಗೆ ನಾನು ಬರೀ ಸೂಲಗಿತ್ತಿ ಎಂದುಕೊಂಡೆ.

ಶನಿವಾರ ಬೆಳಗಿನಿಂದ ನೋವು ಬಿಟ್ಟು ಬಿಟ್ಟು ಬರುತ್ತಿತ್ತು. ನಾನು ಸೊಂಟ ಒತ್ತುತ್ತಾ ಕೂತಿದ್ದೆ. ಹಲ್ಲು ಕಚ್ಚಿಕೊಂಡಿದ್ದಳು, ಒಂದು ಸಲವೂ ಕೂಗಲಿಲ್ಲ. ಒಂದು ನೋವು ಇಳಿದ ಮೇಲೆ ನನ್ನ ಕೈ ಹಿಡಿದು ಎಳೆದು ಮುಖದ ಹತ್ತಿರ ಕೂರಿಸಿಕೊಂಡಳು.

“ಅವ್ವ.”

“ಎಂತ ಮಗಾ? ನೀರು ಬೇಕಾ?”

“ಅವತ್ತು ನನ್ ಕೂಸಿನ ಸುದ್ದೀನ ಸಾರಿಗೆ ಹಾಕ್ಕೊಂಡ್ಯಲ್ಲ. ರುಚಿ ಇತ್ತಾ?”

ಅವಳ ಹಣೆಯ ಬೆವರು ಒರೆಸಿದೆ. ಹೇಗೋ ಅಂದೆ: “ಮೂರು ಸಲ ಬಡಿಸ್ಕೊಂಡಿದ್ದೆ ಕಣೇ.”

ಅವಳು ನಕ್ಕಳು. ಏಳು ತಿಂಗಳ ನಗು ಅದು, ಮಂಚ ಅಲ್ಲಾಡಿತು. ನಕ್ಕು ನಕ್ಕು, ಆಮೇಲೆ ನನ್ನ ಕುತ್ತಿಗೆಗೆ ಕೈ ಹಾಕಿಕೊಂಡು, ಮುಂದಿನ ನೋವು ಬಂದಾಗ ಊರಿಗೆಲ್ಲ ಕೇಳುವ ಹಾಗೆ ಅವ್ವಾ ಎಂದು ಕೂಗಿದಳು.

ಇಂತಿ,
ಕೆರಿಯಮ್ಮ